ಪೈಥಾನ್ ಎಲ್ಲಿದೆ ಎಂದು ಹುಡುಕುವ ಶೆಲ್ ಸ್ಕ್ರಿಪ್ಟ್

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಹಾಜರಾತಿಯ ಲೆಕ್ಕ ತೆಗೆಯುವ ಪೈಥಾನ್ ಪ್ರೋಗ್ರಾಂ ಇದೆ. ಅದನ್ನು ಶುರು ಮಾಡುವ ಶೆಲ್ ಸ್ಕ್ರಿಪ್ಟಿನಲ್ಲಿ ‘ಪೈಥಾನ್’ ಎಂದಷ್ಟೇ ಬರೆದಿದೆ. ಹಳೆಯ ಕಂಪ್ಯೂಟರುಗಳಲ್ಲಿ ಓಡುವ ಈ ಸ್ಕ್ರಿಪ್ಟ್, ಹೊಸದಾಗಿ ಉಬುಂಟು ಹಾಕಿಸಿದವುಗಳಲ್ಲಿ ಅಂಥ ಕಮಾಂಡೇ ಇಲ್ಲ ಎನ್ನುತ್ತದೆ. ಇಂಟರ್‌ಪ್ರಿಟರಿನ, ಅಂದರೆ ಪೈಥಾನ್ ಕೋಡನ್ನು ಓಡಿಸುವ ಪ್ರೋಗ್ರಾಮಿನ, ಪೂರ್ಣ ಪಾಥ್ (ಅದು ಇರುವ ಜಾಗದ ವಿಳಾಸ) ಬರೆದರೆ ಸಾಕೆ?
— ಒಬ್ಬ ಉಪನ್ಯಾಸಕಿ, ಹಾಸನ

ಉತ್ತರ: ಸಾಲದು. ಪೂರ್ಣ ಪಾಥ್ ಒಂದು ಕಂಪ್ಯೂಟರಿನ ಮಟ್ಟಿಗೆ ಮಾತ್ರ ನಿಜ. ಉಬುಂಟುವಿನ ಜೊತೆಗೇ ಬಂದ ಪೈಥಾನ್ ‘/ಯುಎಸ್‌ಆರ್/ಬಿನ್’ನಲ್ಲಿದ್ದರೆ, ಯಾರಾದರೂ ಕಂಪೈಲ್ ಮಾಡಿ ಹಾಕಿದ್ದು ಸಾಮಾನ್ಯವಾಗಿ ‘/ಯುಎಸ್‌ಆರ್/ಲೋಕಲ್/ಬಿನ್’ನಲ್ಲಿರುತ್ತದೆ, ಪ್ರಾಜೆಕ್ಟಿಗೆಂದೇ ಮಾಡಿಕೊಂಡ ವರ್ಚುವಲ್ ಎನ್ವಿರಾನ್‌ಮೆಂಟಿನದು ಅದರದೇ ಫೋಲ್ಡರಿನೊಳಗೆ ಇರುತ್ತದೆ. ಇನ್ನು ‘ಪೈಥಾನ್’ ಎಂಬ ಬರಿಯ ಹೆಸರು ಬಹುಕಾಲ ಎರಡನೆಯ ಆವೃತ್ತಿಯನ್ನು ಸೂಚಿಸುತ್ತಿತ್ತು. ಆ ಆವೃತ್ತಿಗೆ ಬೆಂಬಲ 2020ರ ಜನವರಿ 1ಕ್ಕೆ ನಿಂತಿತು; ಉಬುಂಟು 20.04ರಿಂದೀಚೆಗೆ, ನಾವಾಗಿ ಹಾಕಿಸಿಕೊಳ್ಳದಿದ್ದರೆ, ‘ಪೈಥಾನ್3’ ಎಂಬ ಕಮಾಂಡ್ ಮಾತ್ರ ಸಿಗುತ್ತದೆ. ನಿಮ್ಮ ಹಳೆಯ ಕಂಪ್ಯೂಟರುಗಳಲ್ಲಿ ಪ್ರೋಗ್ರಾಂ ಎರಡನೆಯ ಆವೃತ್ತಿಯಲ್ಲೇ ಓಡುತ್ತಿರಲೂಬಹುದು, ಒಮ್ಮೆ ನೋಡಿಬಿಡಿ.

ಮೂರನೆಯ ಆವೃತ್ತಿಯ ಯಾವುದಾದರೂ ಆಗುತ್ತದೆ ಎನ್ನುವುದಾದರೆ ಬೇರೆ ಸ್ಕ್ರಿಪ್ಟಿನ ಅಗತ್ಯವೇ ಇಲ್ಲ. ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ ‘#!/ಯುಎಸ್‌ಆರ್/ಬಿನ್/ಎನ್‌ವಿ ಪೈಥಾನ್3’ ಎಂದು ಬರೆದು, ಫೈಲಿಗೆ ಓಡುವ ಅನುಮತಿ ಕೊಟ್ಟರೆ ಮುಗಿಯಿತು. 3.8 ಅಥವಾ ಅದಕ್ಕಿಂತ ಹೊಸದೇ ಬೇಕು ಎಂಬಂಥ ಷರತ್ತು ಇದ್ದಾಗ ಮಾತ್ರ ಹುಡುಕುವ ಸ್ಕ್ರಿಪ್ಟ್ ಬರೆಯುವುದು ಸಾರ್ಥಕ.

ಹುಡುಕುವ ಕ್ರಮವನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಬಳಸುವವರು ಎನ್ವಿರಾನ್‌ಮೆಂಟ್ ವೇರಿಯೇಬಲ್ (ಪ್ರೋಗ್ರಾಮುಗಳಿಗೆ ಸೆಟ್ಟಿಂಗ್ ತಿಳಿಸುವ, ಹೆಸರಿಟ್ಟ ಮೌಲ್ಯ) ಒಂದರಲ್ಲಿ ಇಂಥದೇ ಪೈಥಾನ್ ಎಂದು ಹೇಳಿದ್ದರೆ ಅದಕ್ಕೆ ಮೊದಲ ಮನ್ನಣೆ, ಆಮೇಲೆ ಪ್ರಾಜೆಕ್ಟಿನ ವರ್ಚುವಲ್ ಎನ್ವಿರಾನ್‌ಮೆಂಟ್, ಅನಂತರ ಪಾಥ್‌ನಲ್ಲಿ (ಶೆಲ್ ಕಮಾಂಡುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿಯಲ್ಲಿ) ಸಿಗುವ ‘ಪೈಥಾನ್3’, ಕೊನೆಗೆ ‘ಪೈಥಾನ್’. ವೇರಿಯೇಬಲ್‌ನಲ್ಲಿ ಕೊಟ್ಟ ಪಾಥ್ ತಪ್ಪಾಗಿದ್ದರೆ ಸದ್ದಿಲ್ಲದೆ ಮುಂದಿನದಕ್ಕೆ ಹೋಗದೆ, ತಪ್ಪನ್ನು ಹೇಳಿ ಅಲ್ಲಿಯೇ ನಿಲ್ಲಬೇಕು. ಪ್ರಾಜೆಕ್ಟುಗಳನ್ನು ಬಿಲ್ಡ್ ಮಾಡುವ ಸಾಧನವಾದ ಗ್ರೇಡಲ್‌ನ ಸ್ಕ್ರಿಪ್ಟ್ ಜಾವಾ ಹುಡುಕುವಾಗ ‘ಜಾವಾ_ಹೋಮ್’ ವಿಷಯದಲ್ಲಿ ಹೀಗೆಯೇ ಮಾಡುತ್ತದೆ, ಮತ್ತು ಅದೇ ಸರಿ ಎಂದು ನನ್ನ ಅಭಿಪ್ರಾಯ. ಪಾಥ್‌ನಲ್ಲಿ ಹುಡುಕಲು ‘ವಿಚ್’ ಬದಲು ‘ಕಮಾಂಡ್ -ವಿ’ ಬಳಸಿ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಪೋಸಿಕ್ಸ್ ಮಾನದಂಡದಲ್ಲಿ ಇರುವುದು ‘ಕಮಾಂಡ್ -ವಿ’, ‘ವಿಚ್’ ಅಲ್ಲ.

ಹೆಸರು ಸಿಕ್ಕಿತೆಂದರೆ ಇಂಟರ್‌ಪ್ರಿಟರ್ ಸಿಕ್ಕಿತೆಂದಲ್ಲ. ವಿಂಡೋಸ್‌ನಲ್ಲಿ ಪೈಥಾನ್ ಹಾಕದೆ ಇದ್ದರೂ ಆ ಹೆಸರಿನದೊಂದು ಇರಬಹುದು. ಅದು ಮಾಡುವುದು ಮೈಕ್ರೋಸಾಫ್ಟ್ ಸ್ಟೋರ್ ತೆರೆಯುವ ಕೆಲಸವನ್ನಷ್ಟೇ. ಮ್ಯಾಕ್‌ನ ‘/ಯುಎಸ್‌ಆರ್/ಬಿನ್/ಪೈಥಾನ್3’ ಕೂಡ ಡೆವಲಪರ್ ಟೂಲ್ಸ್ ಇಲ್ಲದಿದ್ದರೆ ಅದನ್ನು ಹಾಕಿಕೊಳ್ಳುವಂತೆ ಕೇಳುತ್ತದೆ. ಆದ್ದರಿಂದ ಸಿಕ್ಕಿದ್ದನ್ನು ಓಡಿಸಿ, ಆವೃತ್ತಿಯನ್ನು ಅದರ ಬಾಯಿಂದಲೇ ಹೇಳಿಸಬೇಕು: ‘-ಸಿ’ ಆಯ್ಕೆಯೊಂದಿಗೆ ಒಂದು ಸಾಲಿನ ಕೋಡ್ ಕೊಟ್ಟು, ‘ಸಿಸ್’ ಮಾಡ್ಯೂಲಿನ ‘ವರ್ಷನ್_ಇನ್ಫೋ’ (3, 8)ಕ್ಕಿಂತ ಕಡಿಮೆಯಿದ್ದರೆ 1, ಇಲ್ಲದಿದ್ದರೆ 0 ಎಂಬ ಸ್ಟೇಟಸ್‌ನೊಂದಿಗೆ (ಮುಗಿಯುವಾಗ ಪ್ರೋಗ್ರಾಂ ಶೆಲ್‌ಗೆ ಕೊಡುವ ಸಂಖ್ಯೆ; 0 ಎಂದರೆ ಸರಿ) ಹೊರಬರುವಂತೆ ಮಾಡಿ. ಆ ಸಾಲನ್ನು ಎರಡನೆಯ ಆವೃತ್ತಿಯೂ ಓದಬಲ್ಲಂತೆ ಬರೆಯಿರಿ. ಆವೃತ್ತಿಯನ್ನು ಶೆಲ್‌ನಲ್ಲಿ ಅಕ್ಷರಗಳಾಗಿ ಹೋಲಿಸಬೇಡಿ: ಅಕ್ಷರಗಳ ಲೆಕ್ಕದಲ್ಲಿ 3.10 ಎಂಬುದು 3.9ಕ್ಕಿಂತ ಹಿಂದೆ ಬರುತ್ತದೆ.

ಕೊನೆಯ ಸಾಲಿನಲ್ಲಿ ಪೈಥಾನನ್ನು ‘ಎಕ್ಸೆಕ್’ ಮೂಲಕ ಕರೆಯಿರಿ. ಆಗ ಶೆಲ್ ಇದ್ದ ಪ್ರೊಸೆಸ್‌ನಲ್ಲೇ, ಅದೇ ಸಂಖ್ಯೆಯಲ್ಲಿ, ಪೈಥಾನ್ ಓಡುತ್ತದೆ. ಇಲ್ಲವಾದರೆ ಶೆಲ್ ಮೇಲೆ ಕಾಯುತ್ತ ಕೂತಿರುತ್ತದೆ. ಯಾರಾದರೂ ಅದನ್ನು ‘ಕಿಲ್’ ಮಾಡಿದರೆ ಶೆಲ್ ಸತ್ತು, ಪೈಥಾನ್ ಮಾತ್ರ ಓಡುತ್ತಲೇ ಉಳಿಯಬಹುದು. ಬಳಸುವವರು ಕೊಟ್ಟ ಆಯ್ಕೆಗಳನ್ನು ದಾಟಿಸುವಾಗ "$@" ಎಂಬುದನ್ನು ಉದ್ಧರಣ ಚಿಹ್ನೆಗಳ ಸಮೇತ ಬರೆಯಬೇಕು. ಚಿಹ್ನೆ ಬಿಟ್ಟರೆ ‘ಮೊದಲ ವರ್ಷ’ ಎಂಬ ಒಂದು ಫೈಲ್ ಹೆಸರು ‘ಮೊದಲ’, ‘ವರ್ಷ’ ಎಂದು ಎರಡಾಗಿ ಹೋಗುತ್ತದೆ. ಯಾವುದೂ ಸಿಗದಿದ್ದರೆ, ಎಲ್ಲೆಲ್ಲಿ ಹುಡುಕಿದೆ ಎಂಬುದನ್ನು ಸ್ಟ್ಯಾಂಡರ್ಡ್ ಎರರ್‌ಗೆ ಬರೆದು, 127ರೊಂದಿಗೆ ಹೊರಬನ್ನಿ. ಕಮಾಂಡ್ ಸಿಗದಾಗ ಶೆಲ್ ಕೊಡುವ ಸಂಖ್ಯೆ ಅದೇ.

ಪ್ರಶ್ನೆ: ಇಂಥದೇ ಸ್ಕ್ರಿಪ್ಟ್ ಟರ್ಮಿನಲ್‌ನಲ್ಲಿ ಸರಿಯಾಗಿ ಓಡುತ್ತದೆ, ಆದರೆ ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನೇ ಓಡಿಸುವ ಕ್ರಾನ್‌ನಲ್ಲಿ ಹಾಕಿದರೆ ಪೈಥಾನ್ ಸಿಗಲಿಲ್ಲ ಎನ್ನುತ್ತದೆ. ಏಕೆ?
— ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಟರ್ಮಿನಲ್ ತೆರೆದಾಗ ಶೆಲ್ ಓದುವ ನಿಮ್ಮ ‘ಬ್ಯಾಷ್‌ಆರ್‌ಸಿ’ ಫೈಲನ್ನು ಕ್ರಾನ್ ಓದುವುದಿಲ್ಲ. ಅದರ ಪಾಥ್‌ನಲ್ಲಿ ಸಾಮಾನ್ಯವಾಗಿ ‘/ಯುಎಸ್‌ಆರ್/ಬಿನ್’ ಮತ್ತು ‘/ಬಿನ್’ ಮಾತ್ರ ಇರುತ್ತವೆ. ಕ್ರಾನ್‌ನ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬಿನ ಮೇಲ್ಭಾಗದಲ್ಲಿ ಪಾಥ್‌ನ ಸಾಲು ಸೇರಿಸಿ, ಅಥವಾ ಮೇಲೆ ಹೇಳಿದ ವೇರಿಯೇಬಲ್ಲನ್ನು ಅಲ್ಲಿಯೇ ಕೊಡಿ. ಎರಡನೆಯದೇ ಮೇಲು, ಏಕೆಂದರೆ ಮುಂದೆ ಯಾರಾದರೂ ಇನ್ನೊಂದು ಪೈಥಾನ್ ಹಾಕಿದರೂ ನಿಮ್ಮ ರಾತ್ರಿಯ ಕೆಲಸ ತಾನು ಬಳಸುತ್ತಿದ್ದುದನ್ನೇ ಬಳಸುತ್ತದೆ.