ಪೇಮೆಂಟ್ ಸೀಟಾ, ಖಾಸಗಿ ವಿವಿಯಾ? ಮಂಡ್ಯ ಕಡೆಯ ಒಂದು ಪ್ರಕರಣ

ಹೆಸರು, ಊರು ಮರೆಮಾಚಿದ್ದೇನೆ. ವಿವಿಗಳ ಹೆಸರೂ ಬೇಡ. ಕಬ್ಬು ಬೆಳೆಯೋ ಮನೆ. ಮಗಳು ಬಿ.ಎಸ್ಸಿ ಮುಗಿಸಿದ್ದಾಳೆ, ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ ಮಾಡಬೇಕು. ಸರ್ಕಾರಿ ವಿವಿಯಲ್ಲಿ ಮೆರಿಟ್ ಸೀಟು ಸ್ವಲ್ಪದರಲ್ಲಿ ತಪ್ಪಿ ಪೇಮೆಂಟ್ ಸೀಟು (ಮೆರಿಟ್ ಸೀಟಿಗಿಂತ ಹೆಚ್ಚು ಫೀಸಿನದು) ಸಿಕ್ಕಿದೆ. ಮೈಸೂರಿನ ಹೊರವಲಯದ ಖಾಸಗಿ ವಿವಿ ಒಂದು 'ಸ್ಕಾಲರ್‌ಶಿಪ್' ಅಂತ ಫೀಸಿನಲ್ಲಿ ರಿಯಾಯಿತಿ ಕೊಟ್ಟಿದೆ. ಊಟ, ವಸತಿ ಸೇರಿಸಿದರೆ ಎರಡೂ ಕಡೆ ವರ್ಷಕ್ಕೆ ಹೆಚ್ಚೂಕಡಿಮೆ ಒಂದು ಲಕ್ಷ. ಸಲಹೆ ಕೇಳಲು ನನ್ನ ಹತ್ತಿರ ಬರುವ ಹೊತ್ತಿಗೆ ಅಪ್ಪ ಮಗಳು ಮಾತು ಬಿಟ್ಟಿದ್ದರು.

"ದುಡ್ಡು ಒಂದೇ ಆದ್ಮೇಲೆ ಒಳ್ಳೆ ಬಿಲ್ಡಿಂಗ್ ಇರೋ ಕಡೆ ಓದ್ಲಿ ಬುಡಿ ಮೇಡಂ. ಸರ್ಕಾರಿ ಕಡೆ ಮೇಷ್ಟ್ರುಗಳೇ ಇಲ್ವಂತೆ" ಅಂದರು ಅಪ್ಪ.

"ಪ್ರೈವೇಟ್ ಡಿಗ್ರಿಗೆ ಬೆಲೆ ಇಲ್ಲ ಅಂತಾರೆ ನಮ್ಮ ಸೀನಿಯರ್ಸು" ಅಂದಳು ಮಗಳು, ನನ್ನ ಕಡೆ ನೋಡಿಕೊಂಡು.

ಮಗಳ ಮಾತು ಸರಿಯಲ್ಲ. ರಾಜ್ಯದ ಕಾಯ್ದೆಯಡಿ ಹುಟ್ಟಿ, 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯಡಿ ಆಯೋಗದ ಪಟ್ಟಿಯಲ್ಲಿರುವ ಖಾಸಗಿ ವಿವಿಯ ಎಂ.ಎಸ್ಸಿಗೂ ಸರ್ಕಾರಿ ವಿವಿಯ ಎಂ.ಎಸ್ಸಿಗೂ ಕಾನೂನಿನಲ್ಲಿ ವ್ಯತ್ಯಾಸ ಇಲ್ಲ. ಪಟ್ಟಿ ಯುಜಿಸಿ ವೆಬ್‌ಸೈಟಿನಲ್ಲೇ ಇದೆ, ಅಲ್ಲೇ ಕೂತು ತೋರಿಸಿದೆ. ಅಪ್ಪನ ಮಾತನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕುವ ಹಾಗಿಲ್ಲ. ನಮ್ಮ ಸರ್ಕಾರಿ ವಿವಿಗಳಲ್ಲಿ ಕಾಯಂ ಹುದ್ದೆಗಳು ಖಾಲಿ ಬಿದ್ದಿವೆ, ಎಷ್ಟೋ ವಿಭಾಗ ನಡೀತಿರೋದೇ ಅತಿಥಿ ಉಪನ್ಯಾಸಕರಿಂದ. ಆದರೆ ಅದು ವಿಭಾಗದಿಂದ ವಿಭಾಗಕ್ಕೆ ಬೇರೆ. ಹೋಗಿ ನೋಡದೆ 'ಇಲ್ವಂತೆ' ಅಂದರೆ ಆಗಲ್ಲ.

ಅದಕ್ಕೂ ಮೊದಲು, ದುಡ್ಡು ನಿಜಕ್ಕೂ ಒಂದೇನಾ ಅಂತ ನೋಡಬೇಕಿತ್ತು. ರಿಯಾಯಿತಿ ಪತ್ರ ತರಿಸಿ ಓದಿದೆ. ಹಿಂದಿನ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ: ಎರಡನೇ ವರ್ಷಕ್ಕೂ ರಿಯಾಯಿತಿ ಬೇಕಾದರೆ 8 ಸಿಜಿಪಿಎ (ಹತ್ತಕ್ಕೆ ಸರಾಸರಿ ಗ್ರೇಡ್ ಅಂಕ) ಇರಬೇಕು, ಯಾವ ವಿಷಯವೂ ಬಾಕಿ ಇರಬಾರದು. ತಪ್ಪಿದರೆ ಪೂರ್ತಿ ಫೀಸು. ಜೊತೆಗೆ ಹಾಸ್ಟೆಲ್ ಸೇರಿ ಇಡೀ ವರ್ಷದ ದುಡ್ಡನ್ನು ಅಡ್ಮಿಶನ್ ಹೊತ್ತಿಗೇ ಕಟ್ಟಬೇಕು. ಸರ್ಕಾರಿ ಕಡೆ ಫೀಸು ಕಮ್ಮಿ, ಆ ಲಕ್ಷದಲ್ಲಿ ಅರ್ಧದಷ್ಟು ಪಿಜಿ (ಪೇಯಿಂಗ್ ಗೆಸ್ಟ್) ಬಾಡಿಗೆ ಮತ್ತು ಊಟದ್ದು, ಅದನ್ನು ತಿಂಗಳು ತಿಂಗಳು ಕೊಡಬಹುದು. ಕಬ್ಬಿನ ಮನೆಗೆ ಇದು ಸಣ್ಣ ವಿಷಯ ಅಲ್ಲ. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ, ಕೈಗೆ ಬರೋದು ಯಾವಾಗ ಅಂತ ಮಂಡ್ಯದವರಿಗೆ ನಾನು ಹೇಳಬೇಕಾ?

ಶಕ್ತಿ ಯೋಜನೆ ಬಸ್ಸಿನಲ್ಲಿ ದಿನಾ ಓಡಾಡಲಿ, ಪಿಜಿ ದುಡ್ಡೂ ಉಳಿಯುತ್ತೆ ಅಂತ ಅಪ್ಪ ಲೆಕ್ಕ ಹಾಕಿದರು. ನಾನು ಬೇಡ ಅಂದೆ. ಪ್ರಾಕ್ಟಿಕಲ್ ಮುಗಿಸಿ ಸಂಜೆ ಬಸ್ಸಿನಲ್ಲಿ ನಿಂತುಕೊಂಡು ಮಂಡ್ಯಕ್ಕೆ ಹೋಗಿ, ಅಲ್ಲಿಂದ ಊರಿಗೆ ಇನ್ನೊಂದು ಬಸ್ಸು ಹಿಡಿಯೋ ಹುಡುಗಿ ರಾತ್ರಿ ಏನು ಓದ್ತಾಳೆ? ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆಯ) ಹಾಸ್ಟೆಲ್‌ಗೆ ಅರ್ಜಿ ಹಾಕಿ, ಸಿಗದಿದ್ದರೆ ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗೆ ದುಡ್ಡು ಕೊಡೋ ವಿದ್ಯಾಸಿರಿಗೆ ಹಾಕಿ ಅಂದೆ.

ಆಮೇಲೆ ಅಪ್ಪನನ್ನು ಹೊರಗೆ ಕೂರಿಸಿ ಅವಳನ್ನೇ ಕೇಳಿದೆ, ಎಂ.ಎಸ್ಸಿ ಆದ್ಮೇಲೆ ಏನು? ನಂಜನಗೂಡಿನ ಔಷಧಿ ಕಂಪನಿ ಅಂತಾಳೆ ಅಂದುಕೊಂಡಿದ್ದೆ. "ಡಿಗ್ರಿ ಕಾಲೇಜಲ್ಲಿ ಪಾಠ ಮಾಡ್ಬೇಕು ಮೇಡಂ" ಅಂದಳು. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಒಂದು ಕೆಲಸ ಕೊಟ್ಟು ಕಳಿಸಿದೆ. ಇಬ್ಬರೂ ಸೇರಿ, ಮುಂಚೆ ಹೇಳದೆ, ವಾರದ ಮಧ್ಯೆ ಎರಡೂ ವಿಭಾಗಕ್ಕೆ ಹೋಗಿ. ಅಡ್ಮಿಶನ್ ಕೌಂಟರ್‌ಗೆ ಹೋಗಬೇಡಿ, ಅಲ್ಲಿ ಎಲ್ಲವೂ ಚೆನ್ನಾಗೇ ಇರುತ್ತೆ. ಟೈಮ್‌ಟೇಬಲ್ ನೋಡಿ ಯಾರು ಕಾಯಂ, ಯಾರು ಅತಿಥಿ ಅಂತ ಎರಡನೇ ವರ್ಷದ ಹುಡುಗರನ್ನೇ ಕೇಳಿ. ಹೋದ ಸೆಮಿಸ್ಟರ್ ರಿಸಲ್ಟ್ ಯಾವಾಗ ಬಂತು, ನೆಟ್ ಅಥವಾ ಕೆ-ಸೆಟ್ (ಕಾಲೇಜಿನಲ್ಲಿ ಪಾಠ ಮಾಡಲು ಬೇಕಾದ ರಾಷ್ಟ್ರ, ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆಗಳು) ಪಾಸಾದವರು ಯಾರಾದರೂ ಇದ್ದಾರಾ, ಅವರ ನಂಬರ್ ಕೊಡ್ತೀರಾ ಅಂತ ಕೇಳಿ. ಲ್ಯಾಬಿನಲ್ಲಿ ಯಂತ್ರದ ಪಕ್ಕ ಒಂದು ಲಾಗ್‌ಬುಕ್ ಇರುತ್ತೆ, ಅದನ್ನು ತೆರೆದು ನೋಡಿ. ಬ್ರೋಷರ್‌ಗಿಂತ ಜಾಸ್ತಿ ವಿಷಯ ಅದರಲ್ಲಿರುತ್ತೆ.

ಹುಡುಗಿ ಚೆನ್ನಾಗಿ ನೋಡಿಕೊಂಡು ಬಂದಿದ್ದಳು. ಖಾಸಗಿ ವಿವಿಯ ಎಚ್‌ಪಿಎಲ್‌ಸಿ (ಮಿಶ್ರಣದಲ್ಲಿರೋ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯೋ) ಯಂತ್ರ ಹೊಸದು, ಲಾಗ್‌ಬುಕ್ಕಿನಲ್ಲಿ ಆ ವಾರವೇ ವಿದ್ಯಾರ್ಥಿಗಳ ಸಹಿ ಇದೆ, ಅಂದರೆ ಸುಮ್ನೆ ತೋರಿಕೆಗೆ ಇಟ್ಟಿಲ್ಲ. ಸರ್ಕಾರಿ ಕಡೆ ಅದೇ ಯಂತ್ರ ರಿಪೇರಿಗೆ ಕಾಯ್ತಾ ಇದೆ, ರಿಸಲ್ಟೂ ತಡ. ಆದರೆ ಅಲ್ಲಿ ಪಿಎಚ್‌.ಡಿ ಮಾಡಿಸುವ ಕಾಯಂ ಪ್ರಾಧ್ಯಾಪಕರಿದ್ದಾರೆ, ಸಂಜೆ ಸಂಶೋಧನಾ ವಿದ್ಯಾರ್ಥಿಗಳೇ ಸಿಎಸ್‌ಐಆರ್ (ವಿಜ್ಞಾನ ವಿಷಯಗಳ) ನೆಟ್‌ಗೆ ಜೂನಿಯರ್‌ಗಳನ್ನು ಕೂರಿಸಿಕೊಂಡು ಹಳೇ ಪ್ರಶ್ನೆ ಬಿಡಿಸ್ತಾರೆ. ಖಾಸಗಿ ಕಡೆ ನೆಟ್ ಬರೆದವರೇ ಸಿಗಲಿಲ್ಲ.

ಕಂಪನಿ ಕೆಲಸವೇ ಬೇಕು ಅಂದಿದ್ದರೆ ಖಾಸಗಿಗೇ ಹೋಗು ಅಂತಿದ್ದೆ, ಅನುಮಾನವೇ ಇಲ್ಲ. ಪಾಠ ಮಾಡಬೇಕು ಅನ್ನುವವಳಿಗೆ ನೆಟ್ ಅಥವಾ ಕೆ-ಸೆಟ್ ಬೇಕು, ಅದಕ್ಕೆ ಜೊತೆಯಲ್ಲಿ ಕೂತು ಓದುವವರು ಬೇಕು. ಸರ್ಕಾರಿ ಸೀಟೇ ಇರಲಿ ಅಂದೆ, ಯಂತ್ರದ ಅಭ್ಯಾಸಕ್ಕೆ ಪ್ರಾಜೆಕ್ಟನ್ನು ಹೊರಗಿನ ಲ್ಯಾಬಿನಲ್ಲಿ ಮಾಡಲು ಬಿಡ್ತಾರಾ ಅಂತ ಮೊದಲ ಸೆಮಿಸ್ಟರ್‌ನಲ್ಲೇ ಗೈಡ್ ಹತ್ತಿರ ಕೇಳು ಅಂದೆ. ಅಪ್ಪ ಪೂರ್ತಿ ಒಪ್ಪಲಿಲ್ಲ. "ಲೆಕ್ಚರರ್ ಆಗೋದಾದ್ರೆ ಸರಿ" ಅಂತ ಗೊಣಗಿದರು.

ಎದ್ದು ಹೊರಡುವಾಗ ಹೊರಬಿತ್ತು, ಖಾಸಗಿ ಕಡೆ ಆಗಲೇ ಮುಂಗಡ ಕಟ್ಟಿ, ಮಾರ್ಕ್ಸ್ ಕಾರ್ಡಿನ ಒರಿಜಿನಲ್ಲನ್ನೂ ಕೊಟ್ಟು ಬಂದಿದ್ದಾರೆ! ಒರಿಜಿನಲ್ ಇಟ್ಟುಕೊಳ್ಳುವ ಹಾಗಿಲ್ಲ, ಅದು ಯುಜಿಸಿಯ 2018ರ ಅಧಿಸೂಚನೆಯಲ್ಲೇ ಇದೆ. ಅಡ್ಮಿಶನ್ ಕೊನೇ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮುಂಚೆ ಬಿಟ್ಟರೆ ಸ್ವಲ್ಪ ಪ್ರೊಸೆಸಿಂಗ್ ಶುಲ್ಕ ಬಿಟ್ಟು ಪೂರ್ತಿ ಫೀಸು ವಾಪಸ್, ಆಮೇಲೆ 90, 80, 50 ಪರ್ಸೆಂಟ್ ಅಂತ ಇಳಿಯುತ್ತೆ, ಕೊನೇ ದಿನ ಕಳೆದು 30 ದಿನ ದಾಟಿದರೆ ಏನೂ ಇಲ್ಲ. ಆಯಾ ವರ್ಷದ ಯುಜಿಸಿ ಸುತ್ತೋಲೆಯನ್ನೂ ನೋಡಿಕೊಳ್ಳಬೇಕು, ಕೆಲವು ವರ್ಷ ಇದಕ್ಕಿಂತ ಅನುಕೂಲ ಮಾಡಿಕೊಟ್ಟಿದ್ದಾರೆ. ಇವರಿಗೆ ಇನ್ನೂ ಸಮಯ ಇತ್ತು. ಸೀಟು ರದ್ದತಿ ಅರ್ಜಿಯನ್ನು ನನ್ನ ಮೇಜಿನ ಮೇಲೇ ಮಗಳು ಬರೆದಳು, ಅಪ್ಪ ಸಹಿ ಹಾಕಿದರು. ಕೈಯಲ್ಲಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ, ಅದೇ ದಿನ ಇಮೇಲ್ ಕೂಡ ಕಳಿಸಿ ಅಂತ ಹೇಳಿ ಕಳಿಸಿದೆ.