ಪ್ರಯಾಣದಲ್ಲಿ ಹಿಂಡಿದ ಎದೆಹಾಲನ್ನು ಯಾಕೆ ಚೆಲ್ಲುತ್ತೀರಿ?

ಬೇಸಿಗೆ ರಜೆ, ಮದುವೆ ಸೀಸನ್ ಬಂತೆಂದರೆ ಹಾಲೂಡಿಸುವ ತಾಯಂದಿರ ಪ್ರಯಾಣದ ಬಗ್ಗೆ ಇವೇ ಪ್ರಶ್ನೆಗಳು. ಹೋದ ವರ್ಷದ ಉತ್ತರವನ್ನೇ ಮತ್ತೆ ಕಳಿಸಿಬಿಡೋಣ ಅನ್ನಿಸುತ್ತದೆ. ಮಗುವನ್ನು ಹೇಗೆ ಹಿಡಿಯಬೇಕು, ಎಷ್ಟು ಹೊತ್ತು ಕುಡಿಸಬೇಕು ಅಂತೆಲ್ಲ ಇಲ್ಲಿ ಬರೆಯುವುದಿಲ್ಲ. ಏಳು ತಿಂಗಳು ಹಾಲೂಡಿಸಿದವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ಕಲಬುರಗಿಯಲ್ಲಿ ಖಾಸಗಿ ಬ್ಯಾಂಕಿನ ಕೆಲಸ. ಟ್ರೈನಿಂಗ್‌ಗೆ ಎರಡು ದಿನ ಬೆಂಗಳೂರಿಗೆ ಹೋಗಿದ್ದೆ. ಏಳು ತಿಂಗಳ ಮಗು ಅತ್ತೆಯ ಹತ್ತಿರ ಇತ್ತು. ಹಾಲು ಕಟ್ಟಿಕೊಂಡು ಎದೆ ನೋವು. ಹಿಂಡಿದ್ದನ್ನೆಲ್ಲ ಅಳುತ್ತಾ ಚೆಲ್ಲಿದೆ. ಮುಂದಿನ ಸಲ ಮನೆಗೆ ತರಬಹುದಾ?

ಉತ್ತರ: ತರಬಹುದು. ಮಗು ಎಷ್ಟು ಸಲ ಕುಡಿಯುತ್ತದೋ ಅಷ್ಟು ಸಲ ಹಿಂಡಿ, ಸುಮಾರು ಮೂರು ಗಂಟೆಗೊಮ್ಮೆ. ‘ಸೆಷನ್ ಮುಗೀಲಿ’ ಅಂತ ಕೂತರೆ ಎದೆ ಕಲ್ಲಾಗುತ್ತದೆ. ತುಂಬಿದ ಎದೆ ದೇಹಕ್ಕೆ ‘ಸಾಕು, ಕಡಿಮೆ ಮಾಡು’ ಅನ್ನುತ್ತದೆ. ಆಮೇಲೆ ಊರಿಗೆ ಬಂದು ‘ಪ್ರಯಾಣದಿಂದ ಹಾಲು ಬತ್ತಿತು’ ಎಂದು ನನಗೆ ಪತ್ರ. ಪ್ರಯಾಣ ಏನು ಮಾಡಿತು ಪಾಪ? ಮಗುವಿಗೆ 15 ತಿಂಗಳಾಗುವ ತನಕ ಕೆಲಸದ ನಡುವೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂದು ಕಾನೂನಲ್ಲೇ ಇದೆ: ಮೊದಲು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿತ್ತು, ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಸಂಕೋಚ ಬಿಟ್ಟು ಕೇಳಿ. ಎದೆ ಕೆಂಪಾಗಿ, ಚಳಿಜ್ವರ ಬಂದರೆ ಮಾತ್ರ ಎಲೆಕೋಸಿನ ಎಲೆ ಕಟ್ಟಿಕೊಂಡು ಕೂರಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಪಂಪ್ ಇಲ್ಲದಿದ್ದರೆ ಕೈ ಇದೆ. ಹೆಬ್ಬೆರಳು ಮೇಲೆ, ಎರಡು ಬೆರಳು ಕೆಳಗೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ. ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಿ ಒತ್ತಿ, ಬಿಡಿ. ತೊಟ್ಟನ್ನು ಎಳೆಯಬೇಡಿ, ಇದು ಹಸು ಕರೆದ ಹಾಗಲ್ಲ. ಮೊದಮೊದಲು ಬರೀ ಹನಿ, ಸ್ವಲ್ಪ ತಾಳಿದರೆ ಚಿಮ್ಮುತ್ತದೆ.

ಇನ್ನು ಇಡುವ ಲೆಕ್ಕ. ಹೊರಗೆ 25 ಡಿಗ್ರಿಯ ತನಕ ನಾಲ್ಕು ಗಂಟೆ. ಗಟ್ಟಿ ಐಸ್‌ಪ್ಯಾಕ್ ಇರುವ ಕೂಲರ್ ಚೀಲದಲ್ಲಿ 24 ಗಂಟೆ. ಫ್ರಿಜ್ಜಿನಲ್ಲಿ, ಹಿಂಡಿದ ಹೊತ್ತಿನಿಂದ ನಾಲ್ಕು ದಿನ. ಆದರೆ ಕಲಬುರಗಿಯ ಮೇ ತಿಂಗಳಲ್ಲಿ 25 ಡಿಗ್ರಿ ಎಲ್ಲಿಂದ ತರೋಣ? ಅಲ್ಲಿ ಒಂದು ಗಂಟೆಗಿಂತ ಜಾಸ್ತಿ ಹೊರಗಿಟ್ಟ ಹಾಲನ್ನು ನಾನಂತೂ ಕುಡಿಸಲಾರೆ. ಅತಿಯಾಯ್ತು ಅನ್ನುವವರು ಅನ್ನಲಿ.

ಲಾಡ್ಜ್ ರೂಮಿನ ಪುಟ್ಟ ಫ್ರಿಜ್ಜನ್ನು ನಂಬಬೇಡಿ. ನಾನು ಒಮ್ಮೆ ನಂಬಿ, ಬೆಳಗ್ಗೆ ಮೂರು ಬಾಟಲಿ ಬೆಚ್ಚಗಿನ ಹಾಲನ್ನು ಸಿಂಕಿಗೆ ಸುರಿದವಳು. ಅಡುಗೆಮನೆಯವರನ್ನು ಕೇಳಿ: ಹಾಲು ಅವರ ಫ್ರಿಜ್ಜಿಗೆ, ಐಸ್‌ಪ್ಯಾಕ್ ಫ್ರೀಜರಿಗೆ. ಹೊರಡುವಾಗ ಐಸ್‌ಪ್ಯಾಕ್ ಬಾಟಲಿಗೆ ತಾಗಿಕೊಂಡೇ ಇರಲಿ, ಸಂದಿಗೆ ಟವೆಲ್ ತುರುಕಿ. ದಾರಿಯಲ್ಲಿ ಸುಮ್ನೆ ಜಿಪ್ ತೆಗೆದು ತೆಗೆದು ನೋಡಬೇಡಿ. ಮನೆ ಮುಟ್ಟಿದಾಗ ಐಸ್ ಇನ್ನೂ ಗಟ್ಟಿಯಾಗಿದ್ದರೆ ಹಾಲು ಫ್ರಿಜ್ಜಿಗೆ, ಬಾಗಿಲಿಗಲ್ಲ, ಒಳಗೆ ಹಿಂದಕ್ಕೆ. ಐಸ್ ನೀರಾಗಿ ಹಾಲು ಬೆಚ್ಚಗಿದ್ದರೆ ಚೆಲ್ಲಿ, ಆಗ ಮಾತ್ರ.

ಅತ್ತೆಯವರಿಗೆ ಎರಡು ಮಾತು. ಮೇಲೆ ಕೆನೆ ನಿಂತರೆ ಹಾಲು ಒಡೆದಿದೆ ಅಂತಲ್ಲ, ಮೆಲ್ಲಗೆ ಅಲ್ಲಾಡಿಸಿ. ಒಲೆಯ ಮೇಲಿಟ್ಟು ಉಕ್ಕಿಸಬೇಡಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿದರೆ ಸಾಕು. ನಿಮ್ಮ ಕಾಲದ ಒಳಲೆ ಅಟ್ಟದ ಮೇಲಿದ್ದರೆ ಇಳಿಸಿ, ಕುದಿಸಿ, ಅದರಲ್ಲೇ ಕುಡಿಸಿ. ನಿಪ್ಪಲ್ ಬಾಟಲಿಗಿಂತ ತೊಳೆಯಲು ಎಷ್ಟೋ ಸುಲಭ.

ಪ್ರಶ್ನೆ: ಬಿಸಿಲಲ್ಲಿ ಬಸ್ಸಿಳಿದರೆ ಎದೆಹಾಲು ‘ಕಾದಿರುತ್ತದೆ’, ಮೊದಲು ಹಿಂಡಿ ಚೆಲ್ಲಬೇಕು ಅನ್ನುತ್ತಾರೆ. ಹೌದಾ?

ಉತ್ತರ: ಎದೆಯೊಳಗೆ ಹಾಲು ಕಾಯುವುದೂ ಇಲ್ಲ, ಹುಳಿಯಾಗುವುದೂ ಇಲ್ಲ. ಹಸಿದ ಮಗುವನ್ನು ಅಳಿಸಿ ಹಾಲು ಚೆಲ್ಲುವ ಈ ಶಾಸ್ತ್ರ ಯಾರು ಶುರು ಮಾಡಿದರೋ!

ಪ್ರಶ್ನೆ: ಮೂರು ತಿಂಗಳ ಮಗು. ಕಾರಲ್ಲಿ ಸೆಕೆ. ಸ್ವಲ್ಪ ನೀರು ಕೊಡಲಾ?

ಉತ್ತರ: ಒಂದು ಚಮಚವೂ ಬೇಡ. ಕಾರು ನಿಲ್ಲಿಸಿ, ಹಾಲೂಡಿಸಿ.

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. ಮಗು ಜೊತೆಗಿಲ್ಲದಿದ್ದರೆ ಏರ್‌ಪೋರ್ಟಲ್ಲಿ ಹಾಲು ಬಿಡುತ್ತಾರಾ?

ಉತ್ತರ: ಅಲ್ಲಿ ಬಿಡುತ್ತಾರೆ, 100 ಮಿಲಿಗಿಂತ ಹೆಚ್ಚಿದ್ದರೂ. ತಪಾಸಣೆಗೆ ಮುಂಚೆ ಬಾಯಿಬಿಟ್ಟು ಹೇಳಿ. ಎಕ್ಸ್‌ರೇಯಿಂದ ಹಾಲು ಕೆಡುವುದಿಲ್ಲ.

ಪ್ರಶ್ನೆ: ಪ್ರಯಾಣಕ್ಕೆ ಮುಂಚೆ ಹಾಲು ಹೆಚ್ಚಿಸುವ ಪುಡಿ ತಗೊಳ್ಳಿ ಅಂತ ಪಕ್ಕದ ಬೀದಿಯ ಪಂಡಿತರು ಡಬ್ಬಿ ಕೊಟ್ಟಿದ್ದಾರೆ. 1,200 ರೂಪಾಯಿ.

ಉತ್ತರ: ವಾಪಸ್ ಕೊಡಿ. ಆ ದುಡ್ಡಿಗೆ ಒಂದು ಕೂಲರ್ ಚೀಲ, ನಾಲ್ಕು ಐಸ್‌ಪ್ಯಾಕ್ ಬರುತ್ತವೆ.