ಏಳು ತಿಂಗಳ ಕೋರ್ಸು, ಮನೆ ಪತ್ರದ ಸಾಲ

ತಮ್ಮಾ,

ನಿನ್ನ ಪತ್ರ ಓದಿದೆ. ದಾವಣಗೆರೆಯಲ್ಲಿ ಪಿಯುಸಿ ಸೈನ್ಸ್ ಮುಗಿಸಿ, ಡಿಜಿಸಿಎ (ಪೈಲಟ್ ಲೈಸೆನ್ಸ್ ಕೊಡುವ ನಮ್ಮ ಸರ್ಕಾರದ ವಿಮಾನಯಾನ ಇಲಾಖೆ) ಪೇಪರುಗಳಲ್ಲಿ ಎರಡನ್ನು ಪಾಸು ಮಾಡಿಕೊಂಡು, ಅಮೆರಿಕದ ಅರಿಜೋನಾದ ಫ್ಲೈಯಿಂಗ್ ಸ್ಕೂಲಿನಿಂದ ವೀಸಾಕ್ಕೆ ಬೇಕಾದ ಐ-20 ಪತ್ರ ತರಿಸಿಕೊಂಡಿದ್ದೀಯ. "ಏಳೇ ತಿಂಗಳಲ್ಲಿ ಕಮರ್ಷಿಯಲ್ ಲೈಸೆನ್ಸ್ ಕೈಗೆ ಬರುತ್ತಂತೆ ಅಕ್ಕಾ, ಮನೆ ಪತ್ರ ಇಟ್ಟರೆ ಬ್ಯಾಂಕಿನವರು ಸಾಲ ಕೊಡ್ತಾರೆ. ಬೇಗ ಮುಗಿದಷ್ಟೂ ಬೇಗ ತೀರಿಸಬಹುದಲ್ವಾ?" ಎಂದು ಕೇಳಿದ್ದೀಯ. ಕೊನೆಯಲ್ಲಿ ಊಟ, ಬಟ್ಟೆ, ಪಾರ್ಟ್ ಟೈಮ್ ಕೆಲಸದ ಮಾತೂ ಇದೆ.

ಸಣ್ಣವು ಮೊದಲು. ಫೀನಿಕ್ಸ್‌ಗೆ ಒಂದು ಸ್ವೆಟರ್ ಸಾಕು. ಅಕ್ಕಿ, ಬೇಳೆ, ರಾಗಿ ಹಿಟ್ಟು ಎಲ್ಲ ಸಿಗುತ್ತದೆ, ಸಣ್ಣ ಕುಕ್ಕರ್ ಮಾತ್ರ ಊರಿಂದಲೇ ತಾ. ನಾಲ್ಕು ಜನ ಸೇರಿ ಮನೆ ಹಿಡಿಯಿರಿ. ಪಾರ್ಟ್ ಟೈಮ್ ಕೆಲಸದ ಆಸೆ ಬಿಟ್ಟುಬಿಡು. ನಿನ್ನದು ಎಂ-1 ವೀಸಾ, ಅಂದರೆ ವೃತ್ತಿ ತರಬೇತಿಯ ವೀಸಾ. ಓದುವಾಗ ದುಡಿಯುವ ಹಾಗಿಲ್ಲ. ಮುಗಿದ ಮೇಲೆ ನಾಲ್ಕು ತಿಂಗಳ ಓದಿಗೆ ಒಂದು ತಿಂಗಳ ಲೆಕ್ಕದಲ್ಲಿ ತರಬೇತಿ ಕೆಲಸಕ್ಕೆ ಅರ್ಜಿ ಹಾಕಬಹುದು, ಅದರಿಂದ ಸಾಲ ತೀರುವುದಿಲ್ಲ. ಇಲ್ಲಿಗೆ ಬಂದ ಮೇಲೆ ಎಂ-1 ಅನ್ನು ಎಫ್-1 (ಕಾಲೇಜು ಓದಿನ ವೀಸಾ) ಮಾಡಿಕೊಳ್ಳಲೂ ಆಗುವುದಿಲ್ಲ. ಇಲ್ಲಿನ ಏರ್‌ಲೈನ್ ಕನಸನ್ನೂ ಪಕ್ಕಕ್ಕಿಡು. 2009ರಲ್ಲಿ ಬಫಲೋ ಹತ್ತಿರ ವಿಮಾನ ಬಿದ್ದ ಮೇಲೆ ಕಾನೂನು ಬಿಗಿಯಾಯಿತು. 2013ರಿಂದ ಕೋ-ಪೈಲಟ್ ಆಗಲೂ ಸಾಮಾನ್ಯವಾಗಿ 1,500 ಗಂಟೆ ಹಾರಿದ ಅನುಭವ ಬೇಕು. ನಮ್ಮಲ್ಲಿ 200 ಗಂಟೆಗೆ ಸಿಪಿಎಲ್ (ಕಮರ್ಷಿಯಲ್ ಲೈಸೆನ್ಸ್) ಸಿಗುತ್ತದೆ. ಆದ್ದರಿಂದ ಊರಿಗೆ ಮರಳುವ ಲೆಕ್ಕ ಹಾಕಿಕೊಂಡೇ ಹೊರಡು.

ಇನ್ನು ದುಡ್ಡಿನ ಮಾತು. ಇದನ್ನು ನಿನ್ನ ಅಪ್ಪ ಅಮ್ಮನ ಜೊತೆ ಕೂತು ಓದು.

ನಾನು ಫೀನಿಕ್ಸ್‌ಗೆ ಹಾರಾಟ ಕಲಿಯಲು ಬಂದದ್ದು 2011ರ ಆಗಸ್ಟ್‌ನಲ್ಲಿ. ರಾತ್ರಿ ಏರ್‌ಪೋರ್ಟಿನ ಬಾಗಿಲು ದಾಟಿದರೆ ಒಲೆ ಮುಂದೆ ಕೂತ ಹಾಗೆ ಮುಖಕ್ಕೆ ಬಿಸಿ ಹೊಡೆಯಿತು. ಆ ಬಿಸಿಗೆ ಬೇಸಿಗೆಯಲ್ಲಿ ಹಾರಾಟ ಬೆಳಗಿನ ಜಾವಕ್ಕೇ ಶುರುವಾಗುತ್ತದೆ. ಗಾಳಿ ತೆಳುವಾಗಿ ಪುಟ್ಟ ತರಬೇತಿ ವಿಮಾನ ಸೆಸ್ನಾ 172 ಏರಲು ಏದುಸಿರು ಬಿಡುತ್ತದೆ. ಜುಲೈ, ಆಗಸ್ಟ್‌ನಲ್ಲಿ ಧೂಳಿನ ಗೋಡೆ ಎದ್ದು ಬಂದರೆ ಅವತ್ತಿನ ಹಾರಾಟ ಮುಗಿಯಿತು. ನೂರು ಗಂಟೆಗೊಮ್ಮೆ ವಿಮಾನ ತಪಾಸಣೆಗೆ ಹೋಗುತ್ತದೆ. ಪರೀಕ್ಷೆ ತೆಗೆದುಕೊಳ್ಳುವ ಎಕ್ಸಾಮಿನರ್‌ಗಳು ಕಡಿಮೆ, ದಿನಾಂಕಕ್ಕೆ ವಾರಗಟ್ಟಲೆ ಕಾಯಬೇಕು. ಕಾಯುವಾಗ ಕೈ ಮರೆಯದಿರಲಿ ಎಂದು ಮತ್ತೆ ಹಾರಬೇಕು, ಅದಕ್ಕೂ ದುಡ್ಡು. ಏಳು ತಿಂಗಳು ಎಂದು ಸ್ಕೂಲಿನವರು ಹೇಳುವುದು ಇದ್ಯಾವುದೂ ಅಡ್ಡ ಬರದಿದ್ದರೆ.

ಕಾಕ್‌ಪಿಟ್‌ನಲ್ಲಿ ಹಾಬ್ಸ್ ಮೀಟರ್ ಎಂದು ಒಂದು ಸಣ್ಣ ಗಡಿಯಾರ ಇರುತ್ತದೆ. ಎಂಜಿನ್ ಶುರುವಾದ ಕ್ಷಣದಿಂದ ಅದು ಓಡುತ್ತದೆ, ಬಿಲ್ಲು ಅದರ ಪ್ರಕಾರ. ಆರು ನಿಮಿಷಕ್ಕೊಮ್ಮೆ ಕೊನೆಯ ಅಂಕಿ ಒಂದು ಮನೆ ಮುಂದೆ ಹೋಗುತ್ತದೆ. ವಿಮಾನದ ಬಾಡಿಗೆ ಗಂಟೆಗೆ 200 ಡಾಲರ್ ಅಂದುಕೋ, ಆ ಒಂದು ಅಂಕಿಗೆ 20 ಡಾಲರ್. ಪಕ್ಕದಲ್ಲಿ ಕೂತ ಇನ್‌ಸ್ಟ್ರಕ್ಟರ್ ಫೀಸು ಬೇರೆ. ಫೀನಿಕ್ಸ್‌ನ ಡೀರ್ ವ್ಯಾಲಿಯಂಥ ಗಿಜಿಗುಡುವ ಏರ್‌ಪೋರ್ಟಿನಲ್ಲಿ ಮುಂದೆ ಸಾಲಾಗಿ ವಿಮಾನಗಳು ನಿಂತಿರುತ್ತವೆ, ನಿನ್ನದು ನೆಲದ ಮೇಲೇ ಇರುತ್ತದೆ, ಅಂಕಿ ಮಾತ್ರ ಉರುಳುತ್ತಿರುತ್ತದೆ. ರನ್‌ವೇ ನೋಡಬೇಕಾದ ನನ್ನ ಕಣ್ಣು ಎಷ್ಟೋ ಬೆಳಿಗ್ಗೆ ಆ ಅಂಕಿಯ ಮೇಲಿರುತ್ತಿತ್ತು.

ಸಾಲ ಮಂಜೂರಾದದ್ದು ರೂಪಾಯಿಯಲ್ಲಿ, ಫೀಸು ಡಾಲರಿನಲ್ಲಿ. ನಾನು ಬಂದಾಗ ಡಾಲರಿಗೆ 45ರ ಆಸುಪಾಸು ಇತ್ತು. ಅದೇ ಡಿಸೆಂಬರ್ ಹೊತ್ತಿಗೆ 53 ಆಯಿತು. ಬ್ಯಾಂಕ್ ಕೊಟ್ಟ ಮೊತ್ತ ಅಷ್ಟೇ ಇದ್ದರೂ ಅದರಲ್ಲಿ ಬರುವ ಗಂಟೆಗಳು ಕಡಿಮೆಯಾದವು. ಈಗ 85 ದಾಟಿ ಎಷ್ಟೋ ಆಯಿತು. ನೀನು ಇಲ್ಲಿರುವಾಗ ಅದು ಎಲ್ಲಿ ನಿಲ್ಲುತ್ತದೋ ಯಾರು ಬಲ್ಲರು.

"ಬೇಗ ಮುಗಿದಷ್ಟೂ ಬೇಗ ತೀರಿಸಬಹುದಲ್ವಾ" ಎಂದೆಯಲ್ಲ, ಅಲ್ಲೇ ಇರುವುದು ತೊಡಕು. ಎಜುಕೇಷನ್ ಲೋನಿಗೆ ಕೋರ್ಸ್ ನಡೆಯುವಷ್ಟು ಕಾಲ ಮತ್ತು ಅದರ ಮೇಲೆ ಒಂದು ವರ್ಷ ಕಂತು ಇರುವುದಿಲ್ಲ. ನಾಲ್ಕು ವರ್ಷ ಎಂಜಿನಿಯರಿಂಗ್ ಓದುವವನಿಗೆ ಐದು ವರ್ಷ ಬಿಡುವು. ನಿನಗೆ ಎರಡು ವರ್ಷವೂ ಇಲ್ಲ. ಕೋರ್ಸ್ ಚುರುಕಾದಷ್ಟೂ ಬಿಡುವು ಮೊಟಕು. ನಿಧಾನವೆಲ್ಲ ಇರುವುದು ಕೋರ್ಸ್ ಮುಗಿದ ಮೇಲೆ: ಲೈಸೆನ್ಸನ್ನು ಭಾರತದ್ದಾಗಿ ಬದಲಾಯಿಸಿಕೊಳ್ಳಬೇಕು, ಉಳಿದ ಪೇಪರು ಬರೆಯಬೇಕು, ಎ320 ಟೈಪ್ ರೇಟಿಂಗ್‌ಗೆ (ಆ ಮಾದರಿಯ ದೊಡ್ಡ ವಿಮಾನ ಹಾರಿಸುವ ಅರ್ಹತೆಗೆ) ಮತ್ತೆ ಲಕ್ಷಗಟ್ಟಲೆ ಹೊಂದಿಸಬೇಕು, ಆಮೇಲೆ ಏರ್‌ಲೈನ್ ಕರೆಯುವವರೆಗೆ ಕಾಯಬೇಕು. ಅಷ್ಟರಲ್ಲಿ ಕಂತು ಬಾಗಿಲಿಗೆ ಬಂದಿರುತ್ತದೆ. ಬಡ್ಡಿಯಂತೂ ಮೊದಲ ದಿನದಿಂದಲೇ ಏರುತ್ತಿರುತ್ತದೆ.

ನಾನು ಲೈಸೆನ್ಸ್ ಹಿಡಿದು ತಿಪಟೂರಿಗೆ ಮರಳಿದ್ದು 2012ರಲ್ಲಿ. ಆ ಅಕ್ಟೋಬರ್‌ನಲ್ಲಿ ಬೆಂಗಳೂರಿನದೇ ಒಂದು ವಿಮಾನ ಸಂಸ್ಥೆ ಹಾರಾಟ ನಿಲ್ಲಿಸಿತು. ಸಾವಿರಾರು ಗಂಟೆ ಹಾರಿದವರೇ ಕೆಲಸ ಹುಡುಕುತ್ತಿದ್ದಾಗ ನನ್ನಂಥ ಹೊಸಬರನ್ನು ಕೇಳುವವರಿರಲಿಲ್ಲ. ನನ್ನ ಅಪ್ಪ ಹೈಸ್ಕೂಲ್ ಮೇಷ್ಟ್ರು, ಸಾಲಕ್ಕೆ ಜೊತೆ ಸಹಿ ಅವರದು. ಬ್ಯಾಂಕಿನಿಂದ ಫೋನ್ ಬಂದರೆ ಅಂಗಳಕ್ಕೆ ಹೋಗಿ ಮಾತಾಡುತ್ತಿದ್ದರು. ಪಿಂಚಣಿಯಿಂದ ಕಂತು ಕಟ್ಟುತ್ತಿದ್ದರು, ನನಗೆ ಒಂದು ಮಾತೂ ಹೇಳಲಿಲ್ಲ. ಬಹಳ ದಿನದ ಮೇಲೆ ಪಾಸ್‌ಬುಕ್ ನೋಡಿದಾಗ ಗೊತ್ತಾಯಿತು.

ಅದಕ್ಕಿಂತ ಹೆಚ್ಚು ನನ್ನನ್ನು ಇವತ್ತಿಗೂ ಕೊರೆಯುವುದು ನನ್ನ ಒಡಹುಟ್ಟಿದ ತಮ್ಮನ ವಿಷಯ. ಅವನಿಗೆ ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಬಂತು. ಮನೆ ಪತ್ರ ಆಗಲೇ ಬ್ಯಾಂಕಿನಲ್ಲಿತ್ತು, ಇನ್ನೊಂದು ಸಾಲಕ್ಕೆ ಇಡಲು ಏನೂ ಉಳಿದಿರಲಿಲ್ಲ. ಸೀಟು ಬಿಟ್ಟು ಊರಿನಲ್ಲೇ ಬಿಎಸ್ಸಿಗೆ ಸೇರಿದ. ಆಮೇಲೆ ಮದುವೆಯಾಗಿ ಗ್ರೀನ್ ಕಾರ್ಡ್ ಸಿಕ್ಕಿ, ನಾನು ಮತ್ತೆ ಅಮೆರಿಕಕ್ಕೆ ಬಂದು ಇಲ್ಲೇ ಇನ್‌ಸ್ಟ್ರಕ್ಟರ್ ಆಗಿ 1,500 ಗಂಟೆ ತುಂಬಿಸಿದೆ. ಈಗ ಪ್ರಯಾಣಿಕರ ವಿಮಾನ ಎಂಬ್ರೇರ್ 175 ಹಾರಿಸುತ್ತೇನೆ, ಆ ಹೆಮ್ಮೆ ನನಗಿದೆ. ಸಾಲವೂ ತೀರಿತು. ನನ್ನ ತಮ್ಮ ಎಂದೂ ಒಂದು ಮಾತು ಆಡಿದವನಲ್ಲ. ಆದರೆ ಅವನ ಆ ವರ್ಷಗಳನ್ನು ನಾನು ಯಾವ ಸಂಬಳದಲ್ಲಿ ತಂದುಕೊಡಲಿ? ನಿನ್ನ ತಂಗಿ ಪಿಯುಸಿಯಲ್ಲಿದ್ದಾಳೆ ಎಂದು ಬರೆದಿದ್ದೀಯ. ಮನೆ ಪತ್ರ ಇಡುವ ಮೊದಲು ಅವಳು ಏನು ಓದಬೇಕೆಂದಿದ್ದಾಳೆ ಎಂದು ಕೂರಿಸಿಕೊಂಡು ಕೇಳು.

ಇಷ್ಟಾದರೂ ಬರುತ್ತೇನೆ ಎನ್ನುವುದಾದರೆ, ಮೊದಲು ಡಿಜಿಸಿಎಯ ಕ್ಲಾಸ್ 1 ಮೆಡಿಕಲ್ (ಪೈಲಟ್‌ಗಳ ಆರೋಗ್ಯ ತಪಾಸಣೆ) ಮುಗಿಸು. ಫೀಸು ಕಟ್ಟಿದ ಮೇಲೆ ಬಣ್ಣ ಗುರುತಿಸುವ ಕಣ್ಣಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರನ್ನು ಕಂಡಿದ್ದೇನೆ. ಉಳಿದ ಪೇಪರುಗಳನ್ನೂ ಅಲ್ಲೇ ಬರೆದು ಬಾ. ಇಲ್ಲಿನ ಸರ್ಕಾರ ಪಠ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟ ಪಾರ್ಟ್ 141 ಸ್ಕೂಲಿನಲ್ಲಿ 190 ಗಂಟೆಗೇ ಕಮರ್ಷಿಯಲ್ ಮುಗಿಸಬಹುದು. ಡಿಜಿಸಿಎಗೆ 200 ಬೇಕು, ಅದರಲ್ಲಿ 100 ಪಿಐಸಿ, ಅಂದರೆ ವಿಮಾನದ ಹೊಣೆ ನಿನ್ನದೇ ಆಗಿ ಹಾರಿದ ಗಂಟೆ ಇರಬೇಕು. ಆ ಬಾಕಿ ಗಂಟೆ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಬರಹದಲ್ಲಿ ತರಿಸಿಕೋ. ಸಾಲವನ್ನು ಸ್ಕೂಲು ಹೇಳಿದ್ದಕ್ಕಿಂತ ಕಾಲು ಪಾಲು ಹೆಚ್ಚಿಗೆ ಮಂಜೂರು ಮಾಡಿಸಿ, ಬೇಕಾದಾಗ ಬೇಕಾದಷ್ಟೇ ತೆಗೆ. ತೆಗೆದದ್ದಕ್ಕೆ ಮಾತ್ರ ಬಡ್ಡಿ. ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ ಎಷ್ಟೋ ಬ್ಯಾಂಕು ಶೇಕಡಾ 1 ರಿಯಾಯಿತಿ ಕೊಡುತ್ತವೆ, ವಿಚಾರಿಸು. ಬ್ಯಾಂಕಿನ ಮೆಸೇಜು ಅಪ್ಪನ ಫೋನಿಗಷ್ಟೇ ಅಲ್ಲ, ನಿನ್ನ ಫೋನಿಗೂ ಬರುವಂತೆ ಮಾಡಿಸು.

ಪೂರ್ತಿ ಫೀಸನ್ನು ಒಂದೇ ಸಲ ಯಾವ ಸ್ಕೂಲಿಗೂ ಕಟ್ಟಬೇಡ, ಎಷ್ಟೇ ಡಿಸ್ಕೌಂಟ್ ಕೊಡಲಿ. ನೆವಾಡಾದ ಸಿಲ್ವರ್ ಸ್ಟೇಟ್ ಹೆಲಿಕಾಪ್ಟರ್ಸ್ 2008ರ ಫೆಬ್ರವರಿಯಲ್ಲಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿ ದಿವಾಳಿ ಎಂದಿತು. 70,000 ಡಾಲರ್ ಹತ್ತಿರ ಸ್ಟೂಡೆಂಟ್ ಲೋನ್ ತೆಗೆದು ಮುಂಗಡ ಕಟ್ಟಿದ್ದ ಇಲ್ಲಿನ ಮಕ್ಕಳೇ ಲೈಸೆನ್ಸೂ ಇಲ್ಲದೆ, ಸಾಲವನ್ನಷ್ಟೇ ಹೊತ್ತು ನಿಂತರು. ಪ್ರೈವೇಟ್, ಇನ್‌ಸ್ಟ್ರುಮೆಂಟ್, ಕಮರ್ಷಿಯಲ್ ಎಂದು ಹಂತಹಂತವಾಗಿ ಕಟ್ಟು. ಒಪ್ಪದ ಸ್ಕೂಲು ನಿನಗೆ ಬೇಡ.

ಒಪ್ಪಂದದ ಪ್ರತಿ ಕಳಿಸು, ಸಹಿ ಹಾಕುವ ಮೊದಲು ನಾನೊಮ್ಮೆ ಓದುತ್ತೇನೆ. ಈ ಭಾನುವಾರ ಬೆಳಿಗ್ಗೆ ಎಂಟೂವರೆಗೆ ಅಪ್ಪನನ್ನೂ ತಂಗಿಯನ್ನೂ ಕೂರಿಸಿಕೊಂಡು ಫೋನ್ ಮಾಡು. ಇಲ್ಲಿ ಆಗ ಶನಿವಾರ ರಾತ್ರಿ ಎಂಟು, ಮನೆಯಲ್ಲೇ ಇರುತ್ತೇನೆ.